'ಬರ್ತೀನಿ' ಅಂದವರ ಪಾಲು

ಗ್ರಂಥಾಲಯದಲ್ಲಿ ಓದುತ್ತ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು, ಗೆಳತಿಗೆ "ಚಾ ಕುಡದ್ ಬರ್ತೀನಿ" ಎಂದಳು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಕ್ಯಾಂಟೀನಿನ ಬಳಿಯ ತರಂಗಸ್ತಂಭ ಅವಳಿಗಾಗಿ ಎಚ್ಚೆತ್ತಿತ್ತು. ಇತ್ತ ಅವಳ ಕುರ್ಚಿಯ ಮೇಲೆ ಅವಳ ಪಾಲಿನ ತರಂಗವನ್ನು, ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿಟ್ಟಂತೆ, ಕಾದಿರಿಸಲಾಗಿತ್ತು.

ಇದೆಲ್ಲ ಆಗಮನಯಂತ್ರದ ಕೆಲಸ. ಮಲಪ್ರಭೆಯ ದಂಡೆಯ ಆ ವಿಶ್ವವಿದ್ಯಾಲಯದ ನಿಸ್ತಂತು ಜಾಲವನ್ನು ನೋಡಿಕೊಳ್ಳುತ್ತಿದ್ದ ಡಾ. ವಿಶಾಲಾಕ್ಷಿ ಬೆಳವಡಿಯವರು ಅದನ್ನು ಕಟ್ಟಿದ್ದರು. ಆವರಣದ ಗಾಳಿಯಲ್ಲಿ ಹಿಡಿಸುವ ತರಂಗಕ್ಕೆ ಒಂದು ಮಿತಿಯುಂಟು. ಎಲ್ಲರಿಗೂ ಎಲ್ಲ ಕಡೆ ಕೊಡಲು ಹೋದರೆ ಯಾರಿಗೂ ಸಿಗುವುದಿಲ್ಲ. ಹಾಗಾಗಿ ಯಂತ್ರವು ತರಂಗಸ್ತಂಭಗಳಿಗಿದ್ದ ಕಿವಿಗಳಿಂದ ಜನರ ಮಾತು ಕೇಳಿ, ಯಾರು ಎಲ್ಲಿಗೆ ಹೋಗುತ್ತಾರೆ, ಎಲ್ಲಿಗೆ ಮರಳುತ್ತಾರೆ ಎಂದು ತಿಳಿದು ಪಾಲು ಹಂಚುತ್ತಿತ್ತು. ಬಾಗಿಲುಗಳೂ ಅದರ ಗುರುತಿನ ಮೇಲೆಯೇ ತೆರೆಯುತ್ತಿದ್ದವು. ಕದ್ದು ಕೇಳುವುದು ತಪ್ಪಲ್ಲವೇ ಎಂದು ಕೆಲವರು ಗೊಣಗಿದಾಗ ಕುಲಪತಿ ಪ್ರೊ. ಉಮಾಪತಿ ಗಡ್ಡಿಮಠರು, "ಹುಡುಗರ ಮಾತು ಇಲ್ಲಿ ಯಾರೂ ಕೇಳಿಲ್ಲ, ಯಂತ್ರಾರ ಕೇಳ್ಲಿ ಬಿಡ್ರಿ" ಎಂದು ಅಪ್ಪಣೆ ಕೊಟ್ಟರು. ಅವರ ಬಾಯಿಂದ ಬಂದ ಮೊದಲ ಸತ್ಯ ಅದೆಂದು ಆವರಣವೆಲ್ಲ ನಕ್ಕಿತು.

ಯಂತ್ರ ಒಂದೇ ನಂಬಿಕೆಯ ಮೇಲೆ ನಿಂತಿತ್ತು: ಮನುಷ್ಯ ಆಡಿದ್ದನ್ನು ಮಾಡುತ್ತಾನೆ. ಪಾಪ, ಅದು ಸಿಂಡಿಕೇಟ್ ಸಭೆಗೆ ಒಮ್ಮೆಯೂ ಹೋಗಿರಲಿಲ್ಲ.

ಕೆಲವು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಜಾಲ ಕೆಸರಿನಲ್ಲಿ ಕೂತ ಎಮ್ಮೆಯಂತೆ ಏಳದಾಯಿತು. ತರಗತಿಯಲ್ಲಿ ಪಾಠ ತೆರೆಯದು, ಹಾಸ್ಟೆಲಿನಲ್ಲಿ ಫೋನು ಹತ್ತದು. ಇಂಥ ಹೊತ್ತಿಗೇ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಬರುವುದು ಗೊತ್ತಾಯಿತು.

"ಸಮಿತಿ ಬರೂದ್ರೊಳಗ ಸರಿ ಆಗ್ಲಿಲ್ಲಂದ್ರ ನಿಮ್ಮ ಯಂತ್ರ ಗುಜರಿಗೆ, ನೀವು ಅಂಚೆ ಶಿಕ್ಷಣಕ್ಕ," ಎಂದರು ಗಡ್ಡಿಮಠರು.

ವಿಶಾಲಾಕ್ಷಿ ಪ್ರಾಯವನ್ನೆಲ್ಲ ತೆತ್ತು ಕಟ್ಟಿದ ಯಂತ್ರ ಅದು. ತರಂಗಮಾಪಕ ಹಿಡಿದು ಆವರಣವೆಲ್ಲ ತಿರುಗಿದರು. ವಿಚಿತ್ರವೆಂದರೆ ಜನರಿದ್ದಲ್ಲಿ ತರಂಗವಿಲ್ಲ, ಜನರಿಲ್ಲದಲ್ಲಿ ಧಾರಾಳ! ಭೌತಶಾಸ್ತ್ರ ವಿಭಾಗದ ಹಿಂದೆ, ಬೇವಿನ ಮರದಡಿಯ ಖಾಲಿ ಕಲ್ಲುಬೆಂಚಿನ ಬಳಿಯಂತೂ ಮಾಪಕದ ಮುಳ್ಳು ತುದಿ ಮುಟ್ಟಿತು.

"ಇದು ಯಾರ ಪಾಲು?" ಎಂದು ಅಲ್ಲಿನ ತರಂಗಸ್ತಂಭವನ್ನು ಕೇಳಿದರು.

"ಪ್ರೊ. ಚೆನ್ನಬಸಪ್ಪ ಯರಗಟ್ಟಿಯವರದು," ಎಂದಿತು ಯಂತ್ರ, ಕಂಬದ ಬಾಯಿಂದ. "ನಿವೃತ್ತಿಯ ದಿನ ಇಲ್ಲಿಂದ ಏಳುವಾಗ, 'ನಿನ್ನ ಯಂತ್ರ ಹೆಂಗ ನಡೀತೈತಿ ನೋಡಾಕ ಬರ್ತೀನವಾ ವಿಶಾಲಾ' ಎಂದು ಹೇಳಿದರು. ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ."

ಯರಗಟ್ಟಿಯವರು ಆಕೆಯ ಗುರುಗಳು. ಅವರು ತೀರಿಕೊಂಡು ವರ್ಷ ಕಳೆದಿತ್ತು. ವಿಶಾಲಾಕ್ಷಿ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟರು. ವಿಭಾಗವೆಲ್ಲ ಮರೆತ ಮನುಷ್ಯನ ದಾರಿಯನ್ನು ತಾನು ಕಟ್ಟಿದ ತಗಡಿನ ಡಬ್ಬಿಯೊಂದೇ ಕಾಯುತ್ತಿತ್ತಲ್ಲ!

ಆದರೆ ದೋಷ ಸಿಕ್ಕಿತ್ತು. ನಮ್ಮಲ್ಲಿ ಹೊರಡುವವರು ಯಾರೂ 'ಹೋಗ್ತೀನಿ' ಅನ್ನುವುದಿಲ್ಲ, ಅದು ಅಪಶಕುನ. ಪದವಿ ಮುಗಿಸಿದವರು, ವರ್ಗವಾದವರು, ಭಾಷಣ ಮಾಡಿ ಹೋದ ಅತಿಥಿಗಳು, ಎಲ್ಲರೂ 'ಬರ್ತೀನಿ' ಎಂದೇ ಹೊರಟವರು. ಯಂತ್ರ ಅಷ್ಟೂ ಜನರ ಪಾಲನ್ನು ಎತ್ತಿಟ್ಟುಕೊಂಡು ಕೂತಿತ್ತು.

ವಿಷಯ ತಿಳಿದ ಕುಲಪತಿಗಳು ಮೊದಲು ಸುತ್ತೋಲೆ ಹೊರಡಿಸಿದರು: ಇನ್ನು ಮುಂದೆ ಹೊರಡುವವರೆಲ್ಲ 'ಹೋಗ್ತೀನಿ' ಎಂದೇ ಹೇಳತಕ್ಕದ್ದು. ಅದನ್ನು ಟೈಪು ಮಾಡಿದ ಗುಮಾಸ್ತನೇ ಸಹಿ ಮಾಡಿಸಿಕೊಂಡು "ಬರ್ತೀನ್ರಿ ಸರ್" ಎಂದು ಹೊರಟ.

"ಹಂಗಾರ ಯಂತ್ರಕ್ಕ ಕಲಿಸ್ರಿ," ಎಂದು ಗಡ್ಡಿಮಠರು ಸಿಡುಕಿದರು. "ಬರ್ತೀನಿ ಅಂದಾಂವ ಬರೂದಿಲ್ಲ. ಮುಗೀತು."

"ಸರ್, ಕೆಲವರು ಖರೇನ ಬರ್ತಾರ್ರಿ. ಚಾ ಕುಡ್ಯಾಕ ಹೋದವ್ರು..."

"ಯಾರೂ ಬರೂದಿಲ್ಲ! ಆಡಳಿತ ಮಾಡಿದಾಂವ ನಾನು, ನನಗ ಗೊತ್ತೈತಿ. ಹೋದವರನ್ನ ಮತ್ತ ಒಳಗ ಸೇರಿಸ್ಬೇಕಂದ್ರ ಕುಲಪತಿ ಒಪ್ಪಿಗಿ ಬೇಕು."

"ಎಲ್ಲರಿಗೂ ಅನ್ವಯವೇ?" ಎಂದು ಯಂತ್ರ ವಿನಯದಿಂದ ಕೇಳಿತು.

"ಮ್ಯಾಲಿನಿಂದ ಕೆಳಗಿನತನ!"

ಆದೇಶದಂತೆ ವಿಶಾಲಾಕ್ಷಿ ಯಂತ್ರಕ್ಕೆ ಹೊಸ ನಿಯಮ ಕಲಿಸಿ ಹೋದವರ ಪಾಲನ್ನೆಲ್ಲ ಅಳಿಸಿದರು, ಬೇವಿನ ಮರದಡಿಯದೊಂದನ್ನು ಬಿಟ್ಟು. ಅದಕ್ಕೆ ಕೈ ಏಳಲಿಲ್ಲ. ಹುಡುಗರು ಜಾಣರು, 'ಬರ್ತೀನಿ' ಅಂದರೆ ಪಾಲು ಹೋಗುತ್ತದೆಂದು ತಿಳಿದು ಒಂದೇ ದಿನದಲ್ಲಿ ಬಾಯಿ ಮುಚ್ಚಿಕೊಂಡು ಎದ್ದುಹೋಗುವುದನ್ನು ಕಲಿತರು.

ಸಮಿತಿ ಬಂದ ದಿನ ಜಾಲ ಕುದುರೆಯಂತೆ ಓಡಿತು. ಸಭೆಯ ನಡುವೆ ಗಡ್ಡಿಮಠರಿಗೆ ಶಾಲು, ಹಣ್ಣಿನ ಬುಟ್ಟಿಗಳ ನೆನಪಾಯಿತು. "ಈಗ ಬರ್ತೀನ್ರಿ, ಕೂತಿರ್ರಿ," ಎಂದು ಹೊರನಡೆದರು. ಮರಳಿ ಬಂದಾಗ ಬಾಗಿಲು ತೆರೆಯಲಿಲ್ಲ. ಬಡಿದರು, ಕೂಗಿದರು. ಹೊರಗಿನ ಹುಡುಗರ ಘೋಷಣೆ ಕಿವಿಗೆ ಬೀಳಬಾರದೆಂದು ಅವರೇ ಹಾಕಿಸಿದ ದಪ್ಪ ಬಾಗಿಲು ಅದು; ಒಳಗಿದ್ದವರಿಗೆ ಏನೂ ಕೇಳಲಿಲ್ಲ. ಫೋನು ಮಾಡೋಣವೆಂದರೆ ತರಂಗವಿಲ್ಲ.

ಒಳಗೆ ಅವರಿಲ್ಲದ್ದು ಯಾರ ಗಮನಕ್ಕೂ ಬರಲಿಲ್ಲ. ಭಾಷಣವಿಲ್ಲದ್ದರಿಂದ ಕೆಲಸ ಬೇಗ ಮುಗಿಯಿತು. 'ಇಲ್ಲಿ ಆಡಳಿತ ಯಾವ ಅಡ್ಡಿಯೂ ಇಲ್ಲದೆ ನಡೆಯುತ್ತಿದೆ' ಎಂದು ಬರೆದ ಸಮಿತಿ ಅತ್ಯುತ್ತಮ ದರ್ಜೆ ಕೊಟ್ಟು ಎದ್ದಿತು. ಯಂತ್ರ ಉಳಿಯಿತು.

ಸಂತೋಷದ ಸುದ್ದಿಯನ್ನು ಗುರುಗಳ ಬೆಂಚಿಗೆ ಹೇಳಿಬರೋಣವೆಂದು ವಿಶಾಲಾಕ್ಷಿ ಹೋದರೆ, ಅಲ್ಲಿ ಗಡ್ಡಿಮಠರು ಬೆವೆತು ಕುಳಿತಿದ್ದರು. ಆವರಣವೆಲ್ಲ ಅಲೆದ ಅವರ ಫೋನಿಗೆ ಜೀವ ಬಂದದ್ದು ಅಲ್ಲಿ ಮಾತ್ರ.

"ಮೊದಲ ನನ್ನನ್ನ ಒಳಗ ಸೇರಿಸ್ರಿ!"

"ಅದಕ್ಕ ಕುಲಪತಿಗಳ ಒಪ್ಪಿಗಿ ಬೇಕ್ರಿ ಸರ್."

"ನಾನ ಕುಲಪತಿ!"

"ಯಂತ್ರದ ಪ್ರಕಾರ ಕುಲಪತಿ ಹೋಗಿಬಿಟ್ಟಾರ್ರಿ."

"ಮತ್ತ ಇಲ್ಲಿ ಹೆಂಗ ತರಂಗ ಬಂತು?" ಎಂದು ಅವರು ಫೋನನ್ನು ಚಾಚಿದರು. ಅದರ ಮೇಲಿದ್ದ ಯಂತ್ರದ ಸಂದೇಶವನ್ನು ವಿಶಾಲಾಕ್ಷಿ ಓದಿ ಹೇಳಿದರು: 'ಇದು ಪ್ರೊ. ಯರಗಟ್ಟಿಯವರ ಪಾಲು. ಅವರು ಬರುವವರೆಗೆ ತಾವು ಬಳಸಬಹುದು.'

ಗಡ್ಡಿಮಠರು ಬೆಂಚಿನ ಅಂಚಿಗೆ ಸರಿದರು. "ಅವರು... ಬರ್ತಾರೇನ್ರಿ?"

"ಬರ್ತೀನಿ ಅಂದಾರ್ರಿ," ಎಂದರು ವಿಶಾಲಾಕ್ಷಿ.

ಹೊರಡಲು ತಿರುಗಿದಾಗ ನಾಲಗೆಯ ತುದಿಗೆ ಬಂದ ಮಾತನ್ನು ಕಚ್ಚಿ ಹಿಡಿದರು. ಆಮೇಲೆ, ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ಮನಸ್ಸು ತುಂಬಿ ಆಡಿದರು.

"ಹೋಗ್ತೀನ್ರಿ ಸರ್. ನಿಮ್ಮ ಸುತ್ತೋಲೆ ಐತಲ್ರಿ."