ಆಲ್ಬಮ್ಮಿನ ಮೂರನೇ ಹಾಡು

ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಕೂತಿದ್ದ ಅವಳು ಒಳಗೆ ಬಂದವನನ್ನು ಒಮ್ಮೆ ನೋಡಿದಳು. ಮರುಕ್ಷಣವೇ ಗಿರಾಕಿಯೊಬ್ಬರ ಫ್ರೇಮಿನ ಸ್ಕ್ರೂ ಬಿಗಿಮಾಡುವುದರಲ್ಲಿ ಮುಳುಗಿದಳು.

“ಏನು ಬೇಕಿತ್ತು, ಹೇಳಿ.”

ಆ ‘ಹೇಳಿ’ ಅವನಿಗೆ ಚುರುಕ್ಕೆಂದಿತು. ಆರು ತಿಂಗಳ ಹಿಂದೆ ‘ಹೇಳೋ’ ಎನ್ನುತ್ತಿದ್ದವಳು.

ಅವನು ರಾಕ್ ಬ್ಯಾಂಡೊಂದರ ಗಾಯಕ. ಇಲ್ಲಿ ಕನ್ನಡಕ ಮಾಡಿಸಿಕೊಂಡವನು, ಮೂಗಿನ ಮೇಲೆ ನಿಲ್ಲುತ್ತಿಲ್ಲವೆಂದು ನೆಪ ಹೂಡಿ ಏಳು ಸಲ ಬಂದಿದ್ದ. “ಮೂಗು ಸರಿಯಾಗೇ ಇದೆ, ನೀನೇ ಸರಿಯಿಲ್ಲ,” ಎಂದು ಅವಳು ಓರೆಗಣ್ಣಲ್ಲಿ ನಕ್ಕಿದ್ದಳು.

ಅವಳಿಗೆ ಮಾತು ತೊದಲುತ್ತಿತ್ತು. ಒಂದು ಸಂಜೆ ಧೈರ್ಯಮಾಡಿ ವಾಯ್ಸ್ ಮೆಸೇಜ್ ಕಳಿಸಿದ್ದಳು: “ನಾ... ನಾ... ನಾ... ನಾನು ನಿನ್ನನ್ನ ತುಂಬಾ ಹಚ್ಚಿಕೊಂಡುಬಿಟ್ಟಿದೀನಿ.”

ಸ್ಟುಡಿಯೋದಲ್ಲಿ ಅವನು ಅದನ್ನು ಮತ್ತೆ ಮತ್ತೆ ಕೇಳುತ್ತಿದ್ದಾಗ ಡ್ರಮ್ಮರನ ಕಿವಿಗೂ ಬಿತ್ತು. “ಮಗಾ, ಈ ನಾ-ನಾ-ನಾ ಸಖತ್ ಬೀಟ್ ಕಣೋ!”

ಅಷ್ಟನ್ನು ಮಾತ್ರ ಕತ್ತರಿಸಿ ತಮ್ಮ ಆಲ್ಬಮ್ಮಿನ ಮೂರನೇ ಹಾಡಿನ ಶುರುವಿಗೆ ಅಂಟಿಸಿದರು. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಅವಳಿಗೆ ಉತ್ತರ ಕೊಡಲು ಮುಖವೇ ಉಳಿಯಲಿಲ್ಲ.

ಹಾಡು ಎಲ್ಲರ ಬಾಯಲ್ಲಿ ಹರಿದಾಡಿತು. ನಿನ್ನೆ ವೇದಿಕೆಯ ಮುಂದೆ ಸಾವಿರ ಜನ ‘ನಾ-ನಾ-ನಾ’ ಎಂದು ಕುಣಿದಾಗ ಅವನು ಅರ್ಧಕ್ಕೇ ಹಾಡು ನಿಲ್ಲಿಸಿದ. ಮೈಕು ಬಿಟ್ಟು ಇಳಿದುಬಂದ. ಬೆಳಗ್ಗೆ ಹಟಹಿಡಿದು ಹಾಡನ್ನು ಎಲ್ಲ ಕಡೆಯಿಂದ ತೆಗೆಸಿದ. ಡ್ರಮ್ಮರ್ ಮಾತು ಬಿಟ್ಟಿದ್ದಾನೆ.

ಗಿರಾಕಿ ಹೊರಟಮೇಲೆ ಅವನು ಹೇಳಿದ. “ಆ ಹಾಡು ತೆಗೆಸಿದೆ.”

“ನಮ್ಮ ಮಾವನ ಫೋನಲ್ಲಿ ಅದೇ ರಿಂಗ್‌ಟೋನು. ಅದು ನಾ... ನಾನು ಅಂತ ಅವರಿಗೆ ಗೊತ್ತಿಲ್ಲ. ದಿನಕ್ಕೆ ಇಪ್ಪತ್ತು ಸಲ ಕೇಳ್ಬೇಕು.”

ಅವನು ನೆಲ ನೋಡಿದ. “ನಾನು ನಗಬಾರದಿತ್ತು.”

ಕೌಂಟರಿನ ಗಾಜು ಒರೆಸುತ್ತಿದ್ದ ಅವಳ ಕೈ ನಿಂತಿತು. “ನಕ್ಕಿದ್ಯಾ?”

ಅವಳಿಗೆ ಅದು ಗೊತ್ತಿರಲಿಲ್ಲ. ಮುಚ್ಚಿಡಬಹುದಿತ್ತು. “ಹೂಂ. ಎಲ್ಲರ ಜೊತೆ ನಾನೂ.”

ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು. ಕಣ್ಣು ತುಂಬಿತ್ತು.

“ಕೇಳಿದ್ದಿದ್ರೆ ನಾನೇ ಹಾಡಿಕೊಡ್ತಿದ್ದೆ ಕಣೋ. ಹಾ... ಹಾಡುವಾಗ ನಂಗೆ ತೊದಲೋದೇ ಇಲ್ಲ.”

ಅಷ್ಟು ದಿನ ಒಡನಾಡಿಯೂ ಅವನು ಒಮ್ಮೆಯೂ ‘ನೀನು ಹಾಡ್ತೀಯಾ’ ಎಂದು ಕೇಳಿರಲಿಲ್ಲ.

“ನಾನೂ ನಿನ್ನ ಹಚ್ಚಿಕೊಂಡಿದೀನಿ. ಅವತ್ತೇ ಹೇಳ್ಬೇಕಿತ್ತು. ಈಗ ಹೇಳೋಕೆ ನಾಚಿಕೆ ಆಗ್ತಿದೆ.”

“ಆಗ್ಲಿ. ಸ್ವಲ್ಪ ದಿನ ಆಗ್ತಾನೇ ಇರ್ಲಿ.”

ಕಣ್ಣೊರೆಸಿಕೊಂಡು ಒಳಕೋಣೆಯತ್ತ ಕೂಗಿದಳು. “ಮಾವಾ, ಇಲ್ಲಿ ಬನ್ನಿ. ಇವನು ನಿಮಗೇನೋ ಹೇಳ್ಬೇಕಂತೆ.”

ಅವನು ಬಿಳಿಚಿಕೊಂಡ. “ಈಗ್ಲೇನಾ?”

“ಈಗ್ಲೇ. ನಕ್ಕಿದ್ದೂ ಸೇರಿಸಿ.”

ಮಾವನ ಚಪ್ಪಲಿಯ ಸದ್ದು ಹತ್ತಿರವಾಯಿತು. ಅವಳು ಕೌಂಟರ್ ಸುತ್ತಿ ಈಚೆ ಬಂದು ಅವನ ಪಕ್ಕದಲ್ಲಿ ನಿಂತಳು.