ಮಡಚಿಟ್ಟ ಕಾಲು

ಪರದೆಯ ಮೇಲೆ ಸುಕೃತಾಳ ಮೊಣಕಾಲಿನ ಹಿಂಬದಿ ಕಾಣುತ್ತಿತ್ತು. ಕೂದಲಿಗಿಂತ ತೆಳುವಾದ ಏಳು ಎಳೆಗಳು ಮೂರು ಸಣ್ಣ ರಂಧ್ರಗಳಿಂದ ಒಳಗಿಳಿದು, ಕುಗ್ಗಿ ಗಟ್ಟಿಯಾಗಿದ್ದ ಕೀಲಿನ ಚೀಲವನ್ನು ನಾರು ನಾರಾಗಿ ಸಡಿಲಿಸುತ್ತಿದ್ದವು. ಗಾಜಿನ ಆಚೆ ಸುಕೃತಾ ಮದ್ದಿನ ನಿದ್ದೆಯಲ್ಲಿದ್ದಳು. ಈಚೆ ಅವಳ ಅಕ್ಕ ಮೇದಿನಿ, ಡಾಕ್ಟರ್ ನೀಲಾಂಬಿಕೆಯ ಪಕ್ಕದಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು.

"ಜಡೆ ಬಿಚ್ಚಿದ ಹಾಗಿದೆ ಡಾಕ್ಟ್ರೇ."

"ನಮ್ಮ ನರ್ಸುಗಳೂ ಇದನ್ನ ಜಡೆಬಿಚ್ಚು ಅಂತಲೇ ಕರೀತಾರೆ. ಹದಿನೆಂಟು ವರ್ಷ ಒದ್ದಾಡಿ ಯಂತ್ರ ಮಾಡಿದೆ, ನಾನಿಟ್ಟ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ," ಎಂದು ನೀಲಾಂಬಿಕೆ ನಕ್ಕರು.

ಹೋಲಿಕೆ ಸರಿಯಾಗಿಯೇ ಇತ್ತು. ನಲವತ್ತು ಡಿಗ್ರಿಗೆ ಮಡಚಿ ನಿಂತುಬಿಟ್ಟ ಮೊಣಕಾಲನ್ನು ನೆಟ್ಟಗೆ ಮಾಡಲು ಹಿಂದೆಲ್ಲ ತೊಡೆಯ ಹಿಂಭಾಗದ ಸ್ನಾಯುರಜ್ಜು, ಎಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು, ಕತ್ತರಿಸಿ ಉದ್ದ ಮಾಡುತ್ತಿದ್ದರು. ಕೆಲವೊಮ್ಮೆ ಮೂಳೆಯನ್ನೇ ಕೊಯ್ಯಬೇಕಾಗುತ್ತಿತ್ತು. ವರ್ಷಗಟ್ಟಲೆ ಮುದುಡಿದ್ದ ನರ ಒಮ್ಮೆಗೇ ಎಳೆದುಕೊಂಡರೆ ಪಾದವೇ ಸೋತುಹೋಗುವ ಭಯವೂ ಇತ್ತು. ನೀಲಾಂಬಿಕೆಯ ಯಂತ್ರ ಕೊಯ್ಯುವುದಿಲ್ಲ. ಕೊನೆಗೆ ಬೆಳೆದ ಪದರವನ್ನು ಮೊದಲು ಬಿಚ್ಚಿ, ಕಾಲು ಕುಗ್ಗಿದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕರೆತರುತ್ತದೆ. ಹಾಗೆ ಮಾಡಬೇಕಾದರೆ ಪ್ರತಿ ಪದರದ ವಯಸ್ಸು ಅದಕ್ಕೆ ತಿಳಿಯಬೇಕು. ಮರದ ಉಂಗುರ ಎಣಿಸಿದಂತೆ ಅದು ಎಣಿಸಿಕೊಳ್ಳುತ್ತದೆ.

ಪರದೆಯ ಮೂಲೆಯಲ್ಲಿ ಇಸವಿಗಳು ಇಳಿಯುತ್ತ ಬಂದು ೨೦೨೭ಕ್ಕೆ ನಿಂತವು.

"ಇದೇ ಬುಡ," ಎಂದರು ನೀಲಾಂಬಿಕೆ, ದಿನವೂ ಓದಿ ಹೇಳುವ ಅಭ್ಯಾಸದಲ್ಲಿ. "ಮೂವತ್ತೊಂದು ವರ್ಷದ ಹಿಂದೆ ಜ್ವರ ಬಂದು ಕೀಲು ಊದಿದೆ. ಊತ ಆರು ವಾರಕ್ಕೆ ಇಳಿದಿದೆ. ಕಾಲು ಕುಗ್ಗಿದ್ದು ಅದರಿಂದಲ್ಲ ನೋಡಿ. ಆಮೇಲೆ ಎಂಟು ತಿಂಗಳು ಮಡಚಿಯೇ ಇಟ್ಟಿದಾರೆ. ಮೊಣಕಾಲ ಕೆಳಗೆ ದಿಂಬು ಕೊಟ್ಟಿದ್ರೇನೋ."

"ಕೊಟ್ಟೋಳು ನಾನೇ," ಎಂದಳು ಮೇದಿನಿ.

ಆಗ ಅವಳಿಗೆ ಹದಿನೇಳು, ತಂಗಿಗೆ ಒಂಬತ್ತು. ಅಪ್ಪ ಗಮಕಿ. ಸಂಜೆ ದೀಪ ಹಚ್ಚಿದ ಮೇಲೆ ಪೀಠದ ಮೇಲೆ ಪುಸ್ತಕ ಬಿಚ್ಚಿ ರಾಗವಾಗಿ ಪದ್ಯ ಓದುತ್ತಿದ್ದರು. ಕೇಳುವವರು ಯಾರೂ ಪುಸ್ತಕದ ಕಡೆ ಕಾಲು ಚಾಚುವಂತಿರಲಿಲ್ಲ. ನಡುಮನೆಯಲ್ಲಿ ಹಾಸಿಗೆ ಹಾಕಿಸಿಕೊಂಡು ಮಲಗಿದ್ದ ತಂಗಿ ಒಂದು ಸಂಜೆ ಚಾಚಿದಳು.

"ಅಪ್ಪ 'ಇರಲಿ ಬಿಡೇ' ಅಂದ್ರು. ನಾನು ಕೇಳಲಿಲ್ಲ. ದೇವರ ಪದ್ಯಕ್ಕೆ ಕಾಲು ತೋರಿಸ್ತೀಯಾ ಅಂತ ಮಡಚಿ, ದಿಂಬು ತುರುಕಿದೆ. ಮಡಚಿದ್ರೆ ನೋವೂ ಕಡಿಮೆ ಅಂದಳು. ಹಗಲೂ ಅಲ್ಲೇ ಬಿಟ್ಟೆ." ಮೇದಿನಿ ಗಾಜಿನ ಕಡೆ ನೋಡಿದಳು. "ತೊಡೆಗೆ ಕೈ ಊರಿಕೊಂಡು, ತುದಿಗಾಲಲ್ಲಿ ಅವಳು ನಡೆಯೋದನ್ನ ಇಷ್ಟು ವರ್ಷ ನೋಡಿದೀನಿ. ಜ್ವರದ ಶಾಪ ಅಂತಿದ್ದೆ. ಡಾಕ್ಟ್ರೇ, ವರದಿಯಲ್ಲಿ ಆ ಒಂದು ಪುಟ ತೆಗೆದುಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹಾಗನ್ನಬೇಡಿ. ನಾನು ತೆಗೆಯಬಹುದು, ಆ ಕಾಲು ಬಿಡಲ್ಲ. ಇನ್ನು ನಲವತ್ತು ದಿನ ಎಚ್ಚರವಾಗಿರಬೇಕು. ವ್ಯಾಯಾಮ ಬಿಟ್ಟು ಉಳಿದ ಹೊತ್ತೆಲ್ಲ ನೆಟ್ಟಗಿರಬೇಕು, ಕೆಳಗೆ ದಿಂಬು ಸುಳಿಯಬಾರದು. ಹಳೇ ಅಭ್ಯಾಸಕ್ಕೆ ಮಡಚಿಕೊಂಡರೆ ಯಂತ್ರ ಬಿಚ್ಚಿದ್ದೆಲ್ಲ ಮತ್ತೆ ಹೆಣೆದುಕೊಳ್ಳುತ್ತೆ. ಯಾಕೆ ಅಂತ ಅವರಿಗೆ ಗೊತ್ತಾಗಬೇಕು. ನೀವು ಹೇಳ್ತೀರೋ, ನಾನು ಹೇಳಲೋ?"

ಮೂರು ದಿನ ಮೇದಿನಿ ತಂಗಿಗೆ ಗಂಜಿ ಕುಡಿಸಿದಳು, ತಲೆ ಬಾಚಿದಳು, ಹೇಳಲಿಲ್ಲ.

ನಾಲ್ಕನೆಯ ಸಂಜೆ ನೀಲಾಂಬಿಕೆ ವರದಿ ಹಿಡಿದು ಬಂದಾಗ ಒಳಗೆ ಮಾತು ನಡೆದಿತ್ತು. ಅವರು ಬಾಗಿಲಲ್ಲೇ ನಿಂತರು.

"ಅಕ್ಕಾ, ಎರಡು ಪದ್ಯ ಓದೇ. ಈ ಆಸ್ಪತ್ರೆ ಟೀವಿ ಕೇಳಿ ಕೇಳಿ ಕಿವಿ ಕೆಟ್ಟುಹೋಯ್ತು. ನಿನ್ನ ಗಂಟಲು ಅದಕ್ಕಿಂತ ಸ್ವಲ್ಪ ವಾಸಿ."

"ಸ್ವಲ್ಪಾನಾ? ಸೊಕ್ಕು ನೋಡು," ಎನ್ನುತ್ತ ಮೇದಿನಿ ಅಪ್ಪನ ಪುಸ್ತಕವನ್ನು ಹಾಸಿಗೆಯ ಪಾದದ ಕಡೆಯ ಮೇಜಿನ ಮೇಲಿಟ್ಟು ಬಿಚ್ಚಿದಳು. ಬಿಚ್ಚಿದ್ದೇ ತಡ, ಸುಕೃತಾಳ ಕೈ ತಾನಾಗಿ ದಿಂಬಿಗೆ ಹೋಯಿತು. ಮೊಣಕಾಲು ಮೇಲೆದ್ದಿತು. ದಿಂಬು ಅದರ ಕೆಳಗೆ ಸೇರಿತು.

ಮೇದಿನಿ ಓಡಿಬಂದು ದಿಂಬು ಕಿತ್ತುಕೊಂಡಳು.

"ಚಾಚು."

"ಪುಸ್ತಕದ ಕಡೆಗಾ?"

"ಹೂಂ, ಚಾಚು. ನಿನ್ನ ಕಾಲು ಜ್ವರಕ್ಕೆ ಕುಗ್ಗಿದ್ದಲ್ಲ ಸುಕ್ಕೂ. ಮಡಚಿ ದಿಂಬಿಟ್ಟೆನಲ್ಲ, ಅದಕ್ಕೆ ಕುಗ್ಗಿದ್ದು. ನಾನೇ ಮಾಡಿದ್ದು."

ಸುಕೃತಾ ದಿಂಬನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಮಡಚಿದ್ದು ನೆನಪಿದೆ. ಅದರಿಂದ ಹೀಗಾಯ್ತು ಅಂತ ಗೊತ್ತಿರಲಿಲ್ಲ," ಎಂದಳು. "ಚಾಚಿದ್ರೆ ಒಳಗಿನ ಕೋಣೆಗೆ ಹಾಕ್ತೀಯೇನೋ, ಪದ್ಯ ಕೇಳಿಸಲ್ಲವೇನೋ ಅಂತ ಭಯ ಇತ್ತು ನಂಗೆ." ಆಮೇಲೆ ಮೆಲ್ಲಗೆ, "ನಂಗೀಗ ಕೋಪ ಬರ್ತಿದೆ ಅಕ್ಕಾ. ಸ್ವಲ್ಪ ದಿನ ಇರುತ್ತೆ ಅದು. ನೀನು ಓದು," ಎಂದಳು.

ಅವಳು ಹಲ್ಲು ಕಚ್ಚಿ ಕಾಲು ಚಾಚಿದಳು. ಮೊಣಕಾಲಿನ ಹಿಂಬದಿ ಮತ್ತೆ ಹಾಸಿಗೆಗೆ ಮುಟ್ಟಿತು. ಮೂವತ್ತೊಂದು ವರ್ಷದ ಮೇಲೆ ಕಾಲ್ಬೆರಳುಗಳು ನೇರ ಪುಸ್ತಕದ ಕಡೆಗಿದ್ದವು. ಮೇದಿನಿ ಓದಲು ಹೋದಳು, ಮೊದಲ ಸಾಲಿಗೇ ದನಿ ಒಡೆಯಿತು. ಮತ್ತೆ ಅದೇ ಸಾಲು ಹಿಡಿದಳು.

ನೀಲಾಂಬಿಕೆ ಒಳಗೆ ಹೋಗಲಿಲ್ಲ. ವರದಿಯೊಂದಿಗೆ, ಆ ಜ್ವರದಲ್ಲಿ ಆಸ್ಪತ್ರೆಯಿಂದ ಸುಕೃತಾಳನ್ನು ಮನೆಗೆ ಕಳಿಸುವಾಗ ಕೊಟ್ಟಿದ್ದ ಹಳೆಯ ಡಿಸ್ಚಾರ್ಜ್ ಚೀಟಿಯೂ ಇತ್ತು. ಮಾತ್ರೆ, ಹೊತ್ತು, ಪಥ್ಯ ಎಲ್ಲ ಸೇರಿ ಏಳು ಸಾಲು. ಕಾಲನ್ನು ಹೇಗಿಡಬೇಕೆಂದು ಒಂದು ಮಾತೂ ಇರಲಿಲ್ಲ. ೨೦೨೭ರಲ್ಲಿ ನೀಲಾಂಬಿಕೆಯೂ ಬೇರೊಂದು ಊರಿನ ಮಕ್ಕಳ ವಾರ್ಡಿನಲ್ಲಿ ಇಂಥವೇ ಚೀಟಿಗಳನ್ನು ಬರೆಯುತ್ತಿದ್ದರು. ಎಷ್ಟು ಬರೆದರೋ ನೆನಪಿಲ್ಲ. ಆ ಮಾತು ಬರೆಯಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ಯಂತ್ರ ಕಟ್ಟಲು ಹದಿನೆಂಟು ವರ್ಷ ಬೇಕಾಯಿತು. 'ನೋವಾದರೂ ದಿಂಬು ಇಡಬೇಡಿ, ನೋವಿಗೆ ಮದ್ದು ಕೊಡುತ್ತೇವೆ' ಎಂದು ಹೇಳಲು ಅವತ್ತು ಹತ್ತು ಸೆಕೆಂಡು ಸಾಕಾಗುತ್ತಿತ್ತು. ಆಗ ಯಾವ ಮನೆಯಲ್ಲಿ ಯಾರು, ಎಷ್ಟು ಪ್ರೀತಿಯಿಂದ, ಯಾವ ಮಗುವಿನ ಮೊಣಕಾಲ ಕೆಳಗೆ ದಿಂಬು ಸರಿಸುತ್ತಿದ್ದರೋ.