ಕೊನೆಯ ಸಾಲು ಓದದ ಮಂತ್ರಿ

ವೈಶಾಖದ ಬಿಸಿಲು ಏರುವ ಮೊದಲೇ ಕುಂದಗಿರಿಯ ರಾಜಬೀದಿಗೆ ನೀರು ಚಿಮುಕಿಸಿ, ಮಾವಿನ ತೋರಣ ಕಟ್ಟಿ, ಅರಮನೆಯಿಂದ ಪಡುವಣ ಹೆಬ್ಬಾಗಿಲಿನವರೆಗೆ ಕಹಳೆಯವರನ್ನು ಸಾಲಾಗಿ ನಿಲ್ಲಿಸಲಾಗಿತ್ತು. ಇಷ್ಟೆಲ್ಲ ಸಂಭ್ರಮ ಬಾಗಿಲ ಹೊರಗೆ ಬೀಡುಬಿಟ್ಟಿದ್ದ ಮುನ್ನೂರು ಮಂದಿ ಬಾಡಿಗೆ ರಾವುತರಿಗಾಗಿ. ಇನ್ನು ಮುಂದೆ ರಾಜ್ಯವನ್ನು ಕಾಯುವವರು ಇವರೇ ಎಂದು ಮಹಾರಾಜ ಸಿಂಗರಸನು ನಿರ್ಧರಿಸಿದ್ದನು. ಹಾಗೆ ನಿರ್ಧರಿಸುವಂತೆ ರಾಣಿಯ ತಮ್ಮ ಸೋವಿದೇವನು ಮಾಡಿದ್ದನು.

ಅಡ್ಡವಾಗಿದ್ದುದು ಬಾಗಿಲ ಒಳಬದಿಯ ಒಂದು ಶಿಲಾಶಾಸನ. ಆಯುಧ ಹಿಡಿದ ಪರನಾಡಿಗರಿಗೆ ಬಾಗಿಲು ತೆರೆಯಬಾರದು, ಮನೆಗೊಬ್ಬ ಆಳು ಸರದಿಯಂತೆ ಕೋಟೆ ಕಾಯಬೇಕು ಎಂಬುದು ಅದರ ಕಟ್ಟಳೆ. ಅದನ್ನು ಅಳಿಸುವುದಕ್ಕೂ ಒಂದು ಪದ್ಧತಿಯಿತ್ತು. ಉಳಿ ತಾಗಿಸುವ ಮುನ್ನ ಹಿರಿಯ ಮಂತ್ರಿಯು ಕಲ್ಲಿನ ಮುಂದೆ ನಿಂತು ಸಾಲು ಸಾಲಿಗೂ ಅರ್ಥ ಹೇಳುತ್ತ ಕೊನೆಯ ಬಾರಿ ಓದಬೇಕು. ಅವನು ಕುಳಿತರೆ ಓದು ಮುಗಿದಂತೆ. ಸೂರ್ಯಾಸ್ತದೊಳಗೆ ಮುಗಿಯದಿದ್ದರೆ ಒಂದು ವರ್ಷ ಯಾರೂ ಆ ಕಲ್ಲನ್ನು ಮುಟ್ಟುವಂತಿಲ್ಲ.

ಹಿರಿಯ ಮಂತ್ರಿ ಕೇತಿಮಯ್ಯನಿಗೆ ಎಪ್ಪತ್ತೆರಡು ವರ್ಷ. ಹೊಸದೆಂದರೆ ಹುಬ್ಬು ಗಂಟಿಕ್ಕುವ ಮನುಷ್ಯ. ಹಿಂದೆ ಹೊಸ ಸಂತೆಯನ್ನೂ ಘಟ್ಟದ ದಾರಿಯನ್ನೂ ವಿರೋಧಿಸಿ, ಎರಡರಲ್ಲೂ ತಪ್ಪಿದ್ದನು. ಆದ್ದರಿಂದ ಮೂರನೆಯ ಬಾರಿ, ಬಾಡಿಗೆ ರಾವುತರು ಬೇಡವೆಂದಾಗ, ಅವನ ಮಾತಿಗೆ ಆಸ್ಥಾನವು ನಕ್ಕುಬಿಟ್ಟಿತು.

ಹನ್ನೆರಡು ಸಾಲಿನ ಶಾಸನ. ಬೆಳಿಗ್ಗೆ ಓದಲು ನಿಂತ ಕೇತಿಮಯ್ಯನು ಮಧ್ಯಾಹ್ನವಾದರೂ ನಾಲ್ಕನೆಯ ಸಾಲನ್ನು ದಾಟಿರಲಿಲ್ಲ.

"ಮನೆಗೊಬ್ಬ ಆಳು ಎಂದರೇನು, ಪ್ರಭು? ಗೋಡೆಯ ಮೇಲೆ ನಿಂತವನ ಹೆಂಡತಿ ಮಕ್ಕಳು ಗೋಡೆಯ ಒಳಗಿದ್ದಾರೆ ಎಂದರ್ಥ. ಬಾಡಿಗೆಯ ಖಡ್ಗಕ್ಕೆ ಆ ಹಂಗಿಲ್ಲ. ಹೆಚ್ಚು ಕೊಟ್ಟವನ ಕಡೆಗೆ ಅದು ತಿರುಗುತ್ತದೆ."

ಸೋವಿದೇವನು ತಾನೇ ಒಂದು ಪೀಠವನ್ನೂ ತಂಪು ಮಜ್ಜಿಗೆಯನ್ನೂ ತರಿಸಿದನು.

"ಹಿರಿಯರೇ, ಬೆಳಗಿನಿಂದ ನಿಂತೇ ಇದ್ದೀರಿ. ಒಂದು ಗಳಿಗೆ ಕುಳಿತು ದಣಿವಾರಿಸಿಕೊಳ್ಳಿ."

"ಮೂವತ್ತು ವರ್ಷದಲ್ಲಿ ಅರಮನೆಯಲ್ಲಿ ನನ್ನ ದಣಿವನ್ನು ಕೇಳಿದವರು ನೀವೊಬ್ಬರೇ, ಸೋವಿದೇವರೇ," ಎಂದು ಕೇತಿಮಯ್ಯನು ಐದನೆಯ ಸಾಲಿಗೆ ಹೋದನು. ಮಜ್ಜಿಗೆಯನ್ನೂ ಮುಟ್ಟಲಿಲ್ಲ.

ಇಳಿಹೊತ್ತಿಗೆ ಹೊರಗಿನ ರಾವುತರ ತಾಳ್ಮೆ ತೀರಿತು. ಅತಿಥಿಗಳಾಗಿ ಬಂದವರು ಗೋಡೆಗೆ ಏಣಿ ಹಾಕಿದರು. ಅಂದಿನ ಸರದಿಯಲ್ಲಿದ್ದ ಕುಂಬಾರರೂ ನೇಕಾರರೂ ಕಲ್ಲು ಕವಣೆಗಳಿಂದಲೇ ಅವರನ್ನು ಹಿಮ್ಮೆಟ್ಟಿಸಿದರು. ಒಳಗೆ ಬಿದ್ದು ಸೆರೆಸಿಕ್ಕ ರಾವುತನೊಬ್ಬನ ಸೊಂಟದಲ್ಲಿ ನೆರೆಯ ಶತ್ರುರಾಜನ ಮುದ್ರೆಯುಂಗುರ ದೊರಕಿತು.

ಸಿಂಗರಸನು ಬಿಳಿಚಿಕೊಂಡು ಎದ್ದು ಬಂದನು. "ಸಾಕು, ಕೇತಿಮಯ್ಯನವರೇ. ನನಗೆ ಅರಿವಾಯಿತು. ಶಾಸನವನ್ನು ಅಳಿಸುವುದಿಲ್ಲ. ಕುಳಿತುಕೊಳ್ಳಿ."

ಕೇತಿಮಯ್ಯನು ಪಡುವಣ ದಿಕ್ಕನ್ನು ನೋಡಿದನು. ಸೂರ್ಯನು ಗೋಡೆಯ ಮೇಲೆ ಇನ್ನೂ ಒಂದು ಮೊಳದಷ್ಟಿದ್ದನು.

"ಮಹಾರಾಜರ ಮನಸ್ಸು ಈಗ ಹೀಗಿದೆ. ಹೊತ್ತು ಮುಳುಗುವಾಗ ಯಾರು ಪಕ್ಕದಲ್ಲಿರುತ್ತಾರೋ, ಆಗ ಹೇಗಿರುತ್ತದೆಯೋ. ಕ್ಷಮಿಸಬೇಕು, ನಾನು ಕಲ್ಲನ್ನೇ ನಂಬುತ್ತೇನೆ."

ಹನ್ನೊಂದನೆಯ ಸಾಲಿನ ಅರ್ಥವನ್ನು ಒಡೆದ ದನಿಯಲ್ಲಿ ಮತ್ತೆ ಮತ್ತೆ ಹೇಳುತ್ತ ಅವನು ನಿಂತೇ ಇದ್ದನು. ಸೂರ್ಯಾಸ್ತದ ಕಹಳೆ ಊದಿದ ಮೇಲೆ ಕಲ್ಲಿಗೆ ಬೆನ್ನು ಕೊಟ್ಟು ಮೆಲ್ಲನೆ ಕುಳಿತನು. ಮತ್ತೆ ಏಳಲಿಲ್ಲ.

ರಾಣಿಯ ತಮ್ಮನಿಗೆ ಶಿಕ್ಷೆಯಾಗುವ ರಾಜ್ಯ ಯಾವುದಿದೆ? ಮಾಸ ಕಳೆಯುವುದರೊಳಗೆ ಬಾಗಿಲ ಇನ್ನೊಂದು ಬದಿಗೆ ಹೊಸ ಕಲ್ಲು ನಿಂತಿತು. ಮಹಾರಾಜರ ದೂರದೃಷ್ಟಿಯಿಂದಲೂ ಸೋವಿದೇವನ ಎಚ್ಚರದಿಂದಲೂ ಕುಂದಗಿರಿ ಉಳಿಯಿತೆಂದು ಅದರಲ್ಲಿ ಕೊರೆಸಿದ್ದಾರೆ. ಬರೆಸಿದವನು ಸೋವಿದೇವನೇ. ಕೇತಿಮಯ್ಯನ ಹೆಸರಿಗೆ ಕಲ್ಲಿನಲ್ಲಿ ಜಾಗ ಸಾಲಲಿಲ್ಲವಂತೆ.

ಆದರೆ ಸರದಿಗೆ ಬರುವ ಕುಂಬಾರರೂ ನೇಕಾರರೂ ಹೊಸ ಕಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಮುಂಜಾನೆ ಹಳೆಯ ಕಲ್ಲಿನ ಮುಂದೆ ನಿಂತು ಹನ್ನೊಂದು ಸಾಲು ಹೇಳುತ್ತಾರೆ. ಹನ್ನೆರಡನೆಯದನ್ನು ಹೇಳದೆ ಗೋಡೆ ಹತ್ತುತ್ತಾರೆ.